ಏನೂ ಆಗಂಗಿಲ್ಲ

ಮೊಣಕೈಯಿಂದ ನೀರು ಇಳಿಯುತ್ತಿದೆ, ಕಿಟಕಿಯಾಚೆ ಸ್ಟೇಷನ್ ರಸ್ತೆಯ ಆಟೋಗಳ ಹಾರ್ನು, ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬೆಳ್ಳಗೆ ನಿಂತಿದೆ — ಉಗುರು, ಬೆರಳ ಸಂದು, ಮುಂಗೈ, ಮತ್ತೆ ಬೆರಳ ಸಂದು, ಮೂವತ್ತು ವರ್ಷಗಳಿಂದ ಹೀಗೆ ತೊಳೆದುಕೊಂಡ ಕೈಗಳಿವು. ಒಳಗೆ ಶಸ್ತ್ರಕ್ರಿಯೆಯ ಮೇಜಿನ ಮೇಲೆ ಬಬಲೇಶ್ವರದ ಕಾಶಿಬಾಯಿ ಮಲಗಿದ್ದಾಳೆ, ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿದೆ, ನಿನ್ನೆಯಿಂದ ವಾಂತಿ. ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದಿದ್ದೆ, ಈ ಎರಡು ವರ್ಷ ಕಷ್ಟದ ರೋಗಿಗಳನ್ನೆಲ್ಲ ಹಾಗೆಯೇ ಸಾಗಹಾಕಿದ್ದೇನೆ, ಆದರೆ ಆಕೆಯ ಸೊಸೆ ನೇತ್ರಾ ಬಾಗಿಲಿಗೆ ಅಡ್ಡ ನಿಂತಳು, ದಾರ್ಯಾಗ ಏನರ ಆದ್ರ ಯಾರ್ನ ಕೇಳೂನ್ರಿ ಬಾಯಾರ, ನಮ್ಮತ್ತಿ ನಿಮ್ಮ ಕೈ ಬಿಟ್ಟು ಬ್ಯಾರೇದವರ ಕೈ ಒಲ್ಲೆ ಅನ್ನಾಕತ್ತಾಳ — ಹೊಟ್ಟೆಯ ಮೇಲೆ ಕೈಯಿಟ್ಟೊಡನೆ ತಿಳಿಯಿತು, ಸೊಲ್ಲಾಪುರ ಮುಟ್ಟುವುದರೊಳಗೆ ಕರುಳು ಸಾಯುತ್ತದೆ, ಒಪ್ಪಿಕೊಂಡೆ. ಒಪ್ಪಿದ ಮೇಲೆ ನೇತ್ರಾ ಕೇಳಿದ್ದು ಇನ್ನೊಂದೇ, ಒಳಗ ಹೋದ ಮ್ಯಾಲ ಏನೂ ಆಗಂಗಿಲ್ಲಂತ ಒಂದ್ ಮಾತು ಹೇಳಿಬಿಡ್ರಿ, ಆಕಿಗಿಷ್ಟು ಧೈರ್ಯ ಬರತೈತಿ. ನಾನು ನೇರವಾಗಿ ಈ ನಲ್ಲಿಯ ಬಳಿಗೆ ಬಂದುಬಿಟ್ಟೆ.

ಏನೂ ಆಗಂಗಿಲ್ಲ, ನಾ ಅದೀನಿ — ಹಣೆಯ ಮೇಲೆ ಅಂಗೈಯಿಟ್ಟು ಇಷ್ಟನ್ನು ಹೇಳದೆ ನಾನು ಯಾರ ಮೈಗೂ ಕತ್ತಿ ಮುಟ್ಟಿಸಿದವಳಲ್ಲ, ಈ ಸೀಮೆಯ ಜನ ಅರಿವಳಿಕೆಗಿಂತ ಮೊದಲು ಅದನ್ನೇ ಬೇಡುತ್ತಿದ್ದರು, ಎರಡು ವರ್ಷದ ಹಿಂದೆ ತಿಕೋಟಾದ ಇಮಾಮಬಿಗೂ ಹೇಳಿದ್ದೆ, ಅವಳ ಗಂಡ ಗೈಬುಸಾಬ ಪಕ್ಕದಲ್ಲಿಯೇ ನಿಂತು ಕೇಳಿದ್ದ. ಪಿತ್ತಕೋಶದ ಕಲ್ಲು, ಶಸ್ತ್ರಕ್ರಿಯೆ ನಿರ್ವಿಘ್ನವಾಗಿ ಮುಗಿಯಿತು, ಮರುದಿನ ಎದ್ದು ಕುಳಿತು ಚಹಾ ಕುಡಿದಳು, ಸಕ್ರಿ ಕಮ್ಮಿ ಆಗ್ಯಾದರಿ ಬಾಯಾರ, ನಿಮ್ಮ ದವಾಖಾನಿ ಇಷ್ಟ್ ಬಡವಿ ಯಾವಾಗ ಆತು ಎಂದು ಕೆಣಕಿದಳು, ನಾನು ನಕ್ಕೆ — ಅಂದೇ ಸಂಜೆ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಕಾಲಿನಿಂದ ಶ್ವಾಸಕೋಶಕ್ಕೆ ಏರಿತು, ನಾನು ಮೆಟ್ಟಿಲು ಹತ್ತಿ ಬರುವುದರೊಳಗೆ ಎಲ್ಲ ಮುಗಿದಿತ್ತು. ಯಾರ ತಪ್ಪೂ ಅಲ್ಲವೆಂದು ತಜ್ಞರು ಬರೆದುಕೊಟ್ಟಿದ್ದಾರೆ, ಇರಬಹುದು, ಆದರೆ ಗೈಬುಸಾಬ ಒಣದ್ರಾಕ್ಷಿಯ ವ್ಯಾಪಾರಿ, ಅವನ ಪೇಟೆಯಲ್ಲಿ ದರ ಒಮ್ಮೆ ಬಾಯಿಂದ ಹೊರಬಿದ್ದರೆ ವ್ಯವಹಾರ ಮುಗಿದಂತೆ, ಮರುದಿನ ಬೆಲೆ ಏರಲಿ ಇಳಿಯಲಿ ಸರಕು ಕೊಟ್ಟೇ ಕೊಡಬೇಕು, ಸಹಿ ಬೇಡ, ಸಾಕ್ಷಿ ಬೇಡ. ನಾನು ಸಮಾಧಾನಕ್ಕೆಂದು ಆಡಿದ್ದನ್ನು ಆತ ಕರಾರೆಂದು ಎದೆಯಲ್ಲಿಟ್ಟುಕೊಂಡು ಮನೆಗೆ ಹೋಗಿದ್ದ. ಇಮಾಮಬಿ ತೀರಿಕೊಂಡ ನಲವತ್ತರ ದಿನಕ್ಕೆ ತಿಕೋಟಾಕ್ಕೆ ಹೋಗಿ ಆ ಮನೆಯ ಹೆಂಗಸರೊಡನೆ ಕುಳಿತು ಬರೋಣವೆಂದು ಬಿಳಿ ಸೀರೆಯುಟ್ಟು ಹೊರಟಿದ್ದೆ, ಆಗಲೇ ಗೈಬುಸಾಬನ ದೂರಿನ ನೋಟಿಸು ಬಂತು, ಎದುರುದಾರರು ಡಾಕ್ಟರ್ ವಿಜಯಲಕ್ಷ್ಮೀ ಎಂದು ನನ್ನ ಹೆಸರು, ಉಟ್ಟ ಸೀರೆಯಲ್ಲಿಯೇ ಕತ್ತಲಾಗುವವರೆಗೆ ಕುಳಿತಿದ್ದೆ. ಗ್ರಾಹಕರ ಆಯೋಗದ ಮೊಗಸಾಲೆಯಲ್ಲಿ ನನ್ನನ್ನು ಕಂಡೊಡನೆ ಹಳೆಯ ರೂಢಿಯಿಂದ ಸಲಾಮಿಗೆ ಎತ್ತಿದ ಕೈಯನ್ನು ಅವನು ನಡುವೆಯೇ ಇಳಿಸಿದ, ನಾ ರೊಕ್ಕಕ್ಕ ಬಂದಿಲ್ರಿ ಬಾಯಾರ, ನೀವು ಮಾತು ಕೊಟ್ಟಿದ್ರಿ, ಅದನ್ನಷ್ಟ ಕೇಳಾಕ ಬಂದೀನಿ — ಅಷ್ಟರಲ್ಲಿ ನನ್ನ ವಕೀಲ ರಾಜರತ್ನ ನನ್ನನ್ನು ಪಕ್ಕಕ್ಕೆ ಕರೆದು ಇನ್ನು ಮುಂದೆ ಯಾರಿಗೂ ಅಂಥ ಭರವಸೆ ಕೊಡಕೂಡದೆಂದ, ಪ್ರಯತ್ನ ಮಾಡತೇವಿ ಅನ್ರಿ ಮೇಡಂ, ಅದರಕಿಂತ ಹೆಚ್ಚಿಗಿ ಒಂದಕ್ಷರ ಬ್ಯಾಡ. ಅಂದಿನಿಂದ ಹಣೆಗಳ ಮೇಲೆ ಕೈಯಿಡುವುದನ್ನೂ ಬಿಟ್ಟಿದ್ದೇನೆ, ಕೈಯಿಟ್ಟರೆ ನಾಲಗೆ ತಾನಾಗಿಯೇ ಹೊರಳುತ್ತದೆ.

ನಲ್ಲಿ ನಿಂತಿತು. ಕೈಯೆತ್ತಿ ಹಿಡಿದು ಬೆನ್ನಿನಿಂದ ಬಾಗಿಲು ತಳ್ಳುತ್ತೇನೆ, ನಿಲುವಂಗಿ ತೊಡಿಸುತ್ತಾರೆ, ತೊಳೆದ ಕೈ ಇನ್ನು ಯಾರ ಹಣೆಯನ್ನೂ ಮುಟ್ಟುವಂತಿಲ್ಲ, ಒಳ್ಳೆಯದೇ ಆಯಿತೆಂದುಕೊಳ್ಳುತ್ತೇನೆ, ದೀಪದ ಕೆಳಗೆ ಕಾಶಿಬಾಯಿಗೆ ಇನ್ನೂ ಎಚ್ಚರವಿದೆ, ಬಂದ್ರ್ಯಾ ಬಾಯಾರ, ಸುಮ್ಮನ ಯಾಕ ನಿಂತೀರಿ, ಏನರ ಅನ್ರಲಾ — ಹೇಳಿಬಿಡಬಹುದು, ಎರಡೇ ಪದ, ಮುಖಕ್ಕೆ ಕಟ್ಟಿದ ಬಟ್ಟೆ ನನ್ನ ಉಸಿರಿನಿಂದಲೇ ಒದ್ದೆಯಾಗುತ್ತಿದೆ, ಈ ಕರುಳು ಈಗಾಗಲೇ ಕಪ್ಪಾಗಿದ್ದರೆ, ನೇತ್ರಾ ನಾಳೆ ಅದೇ ಮೊಗಸಾಲೆಯಲ್ಲಿ ನಿಂತರೆ, ಪ್ರಯತ್ನ ಮಾಡತೇವಿ ಬೇ ಎಂದೆ, ಯಾರದೋ ದನಿ ಅದು, ಮುದುಕಿಗೆ ಕೇಳಿಸಿತೋ ಇಲ್ಲವೋ, ಅದಲ್ಲ ತಾನು ಕೇಳಿದ್ದು ಎನ್ನುವಂತೆ ನನ್ನ ಮುಖದ ಬಟ್ಟೆಯನ್ನೇ ನೋಡುತ್ತಿದ್ದಾಳೆ, ಬಾಯಿ ಇರಬೇಕಾದ ಜಾಗವನ್ನು, ಅರಿವಳಿಕೆಯ ವೈದ್ಯ ಮೂಗಿನ ಮೇಲೆ ಕೊಳವೆಯ ಮುಖವಾಡ ಇಳಿಸುತ್ತಾನೆ, ರೆಪ್ಪೆಗಳು ಭಾರವಾಗುತ್ತವೆ, ಬಾಗುತ್ತವೆ, ಮತ್ತೆ ಒಮ್ಮೆ ತೆರೆಯುತ್ತವೆ, ನೋಟ ಇನ್ನೂ ಅಲ್ಲಿಗೇ, ಕತ್ತಿ ನನ್ನ ಅಂಗೈಗೆ ಬಂದಿದೆ, ನೋಡಬೇಕಾದದ್ದು ಹೊಟ್ಟೆಯನ್ನು, ಹೊಟ್ಟೆಯನ್ನು ನೋಡುತ್ತೇನೆ, ಕಾಣುವುದು ಆ ಕಣ್ಣುಗಳು, ಪೂರ್ತಿ ಮುಚ್ಚಿಕೊಳ್ಳದ ಆ ಸೀಳಿನಲ್ಲಿ ಒಂದು ಎಳೆ ನೀರು, ನನ್ನ ಬಾಯಿಯ ಕಡೆಗೆ, ಕಾಯುತ್ತ, ಆ ಕಣ್ಣುಗಳು —