ತೂತಿಲ್ಲದ ಲೋಟ

ಫಬಿಯಾವ್ ಮುದುಕ ಹಿಡಿಯಿದ್ದ ನೀಲಿ ತಗಡಿನ ಲೋಟವನ್ನು ಬೋರಲು ಹಾಕಿ, ತಳದ ನಡುವೆ ಮೊಳೆಯಿಟ್ಟು ಸುತ್ತಿಗೆ ಎತ್ತಿದ್ದ. ಅಷ್ಟರಲ್ಲಿ ಜೆಫನಿಯಾಸ್ ಬಗ್ಗಿ ಹೆಂಡತಿಯ ಆ ಲೋಟವನ್ನು ಎರಡೂ ಕೈಯಿಂದ ಮುಚ್ಚಿಬಿಟ್ಟ.

"ಕೈ ತೆಗಿಯೋ, ಬೆರಳು ಜಜ್ಜಿಹೋಗ್ತದೆ."

"ಹೋಗ್ಲಿ ಭಾವ. ಇದೊಂದಕ್ಕೆ ತೂತು ಬೇಡ."

ಗೋರಿಯ ಮರಳು ಇನ್ನೂ ಹಸಿಯಾಗಿತ್ತು. ಅದರ ಮೇಲೆ ಫೆಲಿಜ್ಮಿನಾಳ ತಟ್ಟೆ, ಬೋಗುಣಿ, ಚಹಾ ಕಾಯಿಸುತ್ತಿದ್ದ ಪಾತ್ರೆ, ಎಲ್ಲವೂ ಆಗಲೇ ತಳದಲ್ಲಿ ತೂತು ಬೀಳಿಸಿಕೊಂಡು ಕೂತಿದ್ದವು. ಸತ್ತವರ ಪಾತ್ರೆಯೂ ಅವರ ಜೊತೆ ಸಾಯಬೇಕು. ತೂತು ಬಿದ್ದದ್ದನ್ನು ಕಳ್ಳನೂ ಮುಟ್ಟುವುದಿಲ್ಲ. ಇನ್ಯಾಂಬಾನೆಯ ಕೊಲ್ಲಿಯ ಈ ದಡದಲ್ಲಿ ಅದಕ್ಕೆ ಎದುರಾಡಿದವರಿಲ್ಲ. ಪಾದ್ರಿ ಪ್ರಾರ್ಥನೆ ಮುಗಿಸಿ ಗೋಡಂಬಿ ಮರದ ನೆರಳು ಸೇರಿದ್ದರು. ಹೆಂಗಸರು ಹಾಡು ನಿಲ್ಲಿಸಿ ಇತ್ತ ತಿರುಗಿದರು.

"ನನ್ನ ತಂಗಿ ಅಲ್ಲಿ ಹೋಗಿ ಬೊಗಸೇಲಿ ಚಹಾ ಕುಡೀಬೇಕೇನಯ್ಯಾ? ತೂತು ಹಾಕ್ದೆ ಇದು ಅವಳ ಕೈ ಸೇರಲ್ಲ!"

"ತೂತು ಹಾಕಿದ್ರೆ ಅವಳು ಮುಟ್ಟೋದೇ ಇಲ್ಲ."

ಅಟಾಲಿಯಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕುಬಿಟ್ಟಳು. ಮೀನು ಸಂಶೋಧನಾ ಕೇಂದ್ರದಲ್ಲಿ ಫೆಲಿಜ್ಮಿನಾಳ ಜೊತೆ ವರ್ಷಗಟ್ಟಲೆ ದುಡಿದವಳು. "ನಿಜ ಮಾವ. ತೂತು ಅಂದ್ರೆ ಅಕ್ಕನಿಗೆ ಮೈಯೆಲ್ಲಾ ಉರೀತಿತ್ತು," ಎಂದಳು.

*

ಮೊದಮೊದಲು ಕೇಂದ್ರದ ಎಲ್ಲರಂತೆ ಫೆಲಿಜ್ಮಿನಾಳೂ ಈಟಿ ಹಿಡಿದವಳೇ. ಬಸ್ಸಿನಷ್ಟು ಉದ್ದದ ಚುಕ್ಕೆ ಶಾರ್ಕಿನ ಪಕ್ಕದಲ್ಲಿ ಈಜುತ್ತಾ ಬೆನ್ನಿನ ರೆಕ್ಕೆಯ ಬುಡಕ್ಕೆ ಮುಳ್ಳು ಚುಚ್ಚಬೇಕು. ಮುಳ್ಳಿಗೆ ಕಟ್ಟಿದ ಪುಟ್ಟ ಯಂತ್ರ ಮೀನಿನ ಜೊತೆ ಊರೂರು ಸುತ್ತಿ ಅದು ಹೋದ ದಾರಿ ತಿಳಿಸುತ್ತಿತ್ತು. ಮಾರನೆಯ ವರ್ಷ ಅವಳು ಚುಚ್ಚಿದ ಮೀನೇ ಕೊಲ್ಲಿಯಾಚೆ ಕಾಣಿಸಿತು. ಮುಳ್ಳಿನ ಸುತ್ತ ಮಾಂಸ ಕಿತ್ತು ಬಂದಿತ್ತು.

ಅಂದು ಮನೆಗೆ ಬಂದವಳು ಊಟಕ್ಕೆ ಕೂರಲಿಲ್ಲ.

"ಹತ್ರ ಬಿಟ್ಕೊಳ್ಳಲಿಲ್ಲ ಕಣೋ ಜೆಫಾ," ಎಂದಳು. "ನನ್ನ ನೋಡಿ ಪಕ್ಕಕ್ಕೆ ಸರೀತು."

ಆಮೇಲೆ ಶುರುವಾಯಿತು ಕ್ಲಿಪ್ಪಿನ ಹುಚ್ಚು. ಚುಚ್ಚದೆ, ರೆಕ್ಕೆಯನ್ನು ಎರಡು ಕಡೆಯಿಂದ ಮೆತ್ತಗೆ ಹಿಡಿದುಕೊಳ್ಳುವ ಕ್ಲಿಪ್ಪು. ಮೆತ್ತೆಗೆ ಜೆಫನಿಯಾಸನ ರಬ್ಬರ್ ಚಪ್ಪಲಿಯೇ ಆಗಬೇಕು. ಅವನ ಎಡಗಾಲಿನ ಚಪ್ಪಲಿಗಳು ಒಂದಾದ ಮೇಲೊಂದು ಮಾಯವಾದವು. ಪರೀಕ್ಷೆಗೆ ಅವನದೇ ಕಿವಿ. ಗಂಡ ಅಂತ ಒಬ್ಬ ಇರುವುದೇ ಇದಕ್ಕೆ ಅಂದುಕೊಂಡಿದ್ದಳೋ ಏನೋ! ಒಂದು ಮಧ್ಯಾಹ್ನ ಅವನು ನಿದ್ದೆಯಿಂದೆದ್ದು ನೇರ ಕೆಲಸಕ್ಕೆ ಹೋದ. ಕೊಲ್ಲಿ ದಾಟಿಸುವ ದೋಣಿ ಅವನದು. ದಾರಿಯುದ್ದಕ್ಕೂ ಜನ ಬಿದ್ದು ಬಿದ್ದು ನಕ್ಕರು. ಯಾಕೆಂದು ಗೊತ್ತಾದದ್ದು ಆಚೆ ದಡ ಮುಟ್ಟಿದ ಮೇಲೆ.

ಸಂಜೆ ಅವನು ಕೂಗಾಡುತ್ತಾ ಬಂದರೆ ಅವಳು ಕೇಳಿದ್ದು ಒಂದೇ ಮಾತು: "ಕಿವೀಲಿ ಇರೋದು ಮರ್ತೇಹೋಗಿತ್ತಾ?"

"ಹೂಂ, ಮರ್ತೇಹೋಗಿತ್ತು!"

ಅವಳು ಅವನನ್ನು ತಬ್ಬಿಕೊಂಡು ಅಂಗಳದಲ್ಲೇ ಕುಣಿದಳು.

ಕ್ಲಿಪ್ಪಿನ ಉಳಿದ ಭಾಗವೆಲ್ಲ ತುಕ್ಕು ಹಿಡಿಯದ್ದು. ಒಂದು ಸಣ್ಣ ಕಡ್ಡಿ ಮಾತ್ರ ಬರೀ ಕಬ್ಬಿಣದ್ದು. ಉಪ್ಪು ಅದನ್ನು ತಿಂದು ಮುಗಿಸಿದ ದಿನ ಕ್ಲಿಪ್ಪು ತಾನಾಗಿ ಕಳಚಿಕೊಳ್ಳುತ್ತಿತ್ತು. ಅದನ್ನು ಧರಿಸಿ ಹೋದ ಮೊದಲ ಮೀನು ಮಾರನೆಯ ವರ್ಷ ಮರಳಿತು. ರೆಕ್ಕೆಯ ಮೇಲೆ ಗೀರೂ ಇರಲಿಲ್ಲ. ಅವಳು ಹತ್ತಿರ ಹೋದರೂ ಅದು ಸರಿಯಲಿಲ್ಲ. ಅಂದು ಅವಳು ಈ ನೀಲಿ ಲೋಟದಲ್ಲಿ ಮೂರು ಸಲ ಚಹಾ ಕುಡಿದಳು, ಮೂರು ಸಲವೂ ಅದೇ ಕತೆ ಹೇಳಿದಳು.

*

"ಆಯ್ತಪ್ಪಾ, ತೂತು ಬೇಡ," ಎಂದ ಫಬಿಯಾವ್. ಸುತ್ತಿಗೆಯನ್ನು ಮರಳ ಮೇಲಿಟ್ಟ. "ನಾಳೆ ಯಾವನೋ ಎತ್ಕೊಂಡು ಹೋಗ್ತಾನೆ. ನನ್ನ ತಂಗಿ ಲೋಟ ಸಂತೇಲಿ ಮಾರಾಟಕ್ಕಿರ್ತದೆ. ನೋಡ್ಕೊಂಡಿರು."

ಜೆಫನಿಯಾಸ್ ತನ್ನ ಟೈಗೆ ಸಿಕ್ಕಿಸಿದ್ದ ಕ್ಲಿಪ್ಪನ್ನು ಬಿಚ್ಚಿದ. ಕಿವಿಯ ಮೇಲೆ ಕೊಲ್ಲಿ ದಾಟಿದ ಕ್ಲಿಪ್ಪು ಅದೇ. ಅದಕ್ಕೆ ಹೊಸ ಕಬ್ಬಿಣದ ಕಡ್ಡಿಯನ್ನು ಬೆಳಿಗ್ಗೆ ಅವನೇ ಹಾಕಿದ್ದ. ಲೋಟದ ಹಿಡಿಯನ್ನೂ ಗೋರಿಯ ಮೇಲೆ ನೆಟ್ಟ ಶಿಲುಬೆಯ ಅಡ್ಡಪಟ್ಟಿಯನ್ನೂ ಸೇರಿಸಿ ಅದರಿಂದ ಕಚ್ಚಿಸಿದ.

ಮುದುಕ ಲೋಟ ಎಳೆದು ನೋಡಿದ. ಎರಡೂ ಕೈ ಹಾಕಿ ಜಗ್ಗಿದ. ಶಿಲುಬೆ ಅಲುಗಿತು, ಲೋಟ ಬರಲಿಲ್ಲ.

"ಗಟ್ಟಿಮುಟ್ಟಾಗಿದೆ," ಎಂದ ಒಲ್ಲದ ಮನಸ್ಸಿನಿಂದ. "ಆದ್ರೆ ಅವಳಿಗೆ ಹೇಗೋ ಸಿಗೋದು?"

"ಕಡ್ಡಿ ಕಬ್ಬಿಣದ್ದು ಮಾವ," ಎಂದಳು ಅಟಾಲಿಯಾ. "ಇಲ್ಲಿ ಬೀಸೋದೆಲ್ಲ ಉಪ್ಪುಗಾಳಿ. ಒಂದು ದಿನ ತಾನೇ ಬಿಡುತ್ತೆ. ನೇರ ಅಕ್ಕನ ಮೇಲೇ ಬೀಳುತ್ತೆ."

ಫಬಿಯಾವ್ ಹಿರಿಯರಿಗೆಂದು ತಂದಿದ್ದ ಫ್ಲಾಸ್ಕನ್ನು ಕೇಳಿ ಇಸಿದುಕೊಂಡ. ಲೋಟದ ತುಂಬ ಚಹಾ ಬಗ್ಗಿಸಿದ.

"ಸಕ್ಕರೆ ಜಾಸ್ತಿ ಬೇಕವಳಿಗೆ," ಎಂದು ಗದರಿಸಿದ. ಯಾರೋ ಓಡಿ ತಂದುಕೊಟ್ಟರು.

ಜನ ಒಬ್ಬೊಬ್ಬರಾಗಿ ಕೈ ತೊಳೆಯಲು ಸ್ಮಶಾನದ ಗೇಟಿನ ಕಡೆ ನಡೆದರು. ಮುದುಕ ಮಾತ್ರ ನಿಂತೇ ಇದ್ದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ತಾನು ಮೊಳೆಯಿಟ್ಟಿದ್ದ ಜಾಗವನ್ನು ಲೋಟದ ಅಡಿಯಿಂದ ಮುಟ್ಟಿ ನೋಡಿದ. ಬಿಸಿಯಾಗಿತ್ತು. ಬೆರಳು ಒದ್ದೆಯಾಗಲಿಲ್ಲ.