ಗೋಡೆಯಾಚೆಯ ಹತ್ತು ನಿಮಿಷ

ಶವವಿದ್ದ ಜನಾಝಕ್ಕೆ ಹೆಗಲು ಕೊಡಲು ಮುಂದೆ ಹೋದ ಅಸ್ಕರ್ ಎರಡು ಸಲ ಹಿಂದೆ ಸರಿದ. ಮೂರನೇ ಸಲ ಗೆಳೆಯ ಹನೀಫನೇ ಅವನ ತೋಳು ಹಿಡಿದು ಎಳೆದ.

"ಹಿಡಿ ಮಾರಾಯ, ಎಲ್ಲರೂ ನೋಡ್ತಾ ಇದ್ದಾರೆ."

ಪಾಣೆಮಂಗಳೂರಿನ ಆ ಓಣಿಯಿಂದ ಮಸೀದಿಗೆ ಹೆಚ್ಚು ದೂರವಿಲ್ಲ. ಸತ್ತ ಮೊಯಿದಿನಬ್ಬ ಭಾರದವನೂ ಅಲ್ಲ. ನಲವತ್ತು ವರ್ಷ ಬಂಟ್ವಾಳದ ಸುತ್ತ ಸೈಕಲ್ ತುಳಿದು ಗುಜರಿ ಹೆಕ್ಕಿದವನ ಮೈಯಲ್ಲಿ ಏನು ಉಳಿದೀತು? ಆದರೂ ಅಸ್ಕರ್ ಬೆವೆತುಹೋದ. ಊರಿನ ಹಿಲಾಲ್ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದ ಅವನು, ಐದು ವರ್ಷದಿಂದ ಈ ಮನುಷ್ಯ ಎದುರಾದರೆ ದಾರಿ ಬದಲಿಸುತ್ತಿದ್ದ.

"ಮೊನ್ನೆ ಕಾಕ ನಿನ್ನನ್ನು ಕೇಳಿದ್ರಂತೆ," ಎಂದ ಹನೀಫ. "ಅವರ ಮಗ ಇಹ್ಸಾನ್ ಹೇಳಿ ಕಳಿಸಿದ್ದನಲ್ಲ?"

"ಹೌದು," ಎಂದ ಅಸ್ಕರ್. "ನಾನು ಹೋಗ್ಲಿಲ್ಲ."

*

ಎರಡು ಸಾವಿರದ ಒಂದರಲ್ಲಿ ಕ್ಲಬ್ಬಿನವರು ಕೇರಳದಿಂದ ಇಬ್ಬರು ಆಟಗಾರರನ್ನು ಕರೆಸಿ, ಹತ್ತು ರೂಪಾಯಿಯ ಟಿಕೆಟನ್ನು ಒಮ್ಮೆಲೇ ನಲವತ್ತು ಮಾಡಿದರು. ಆಮೇಲೂ ಸೋಲಿನ ಮೇಲೆ ಸೋಲು. ಜನ ಬಾಯಿಗೆ ಬಂದಂತೆ ಬೈದರು, ಅರ್ಧಕ್ಕರ್ಧ ಬರುವುದನ್ನೇ ಬಿಟ್ಟರು. ಮೊಯಿದಿನಬ್ಬ ಮಾತ್ರ ಬೈಯದೆ, ಪ್ರತಿ ಸಲ ನಲವತ್ತು ಕೊಟ್ಟು ಒಳಗೆ ಬಂದು, ಗೋಲ್‌ಪೋಸ್ಟಿನ ಹಿಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಸೋತ ಮೇಲೆ "ಮುಂದಿನ ಸಲ ನೋಡುವ" ಎನ್ನುತ್ತ ಏಳುತ್ತಿದ್ದ. ಅವನ ತಲೆ ಸರಿಯಿಲ್ಲ ಎಂದು ಊರೆಲ್ಲ ನಗುತ್ತಿತ್ತು.

ಐದನೆಯ ಸೋಲಿನ ದಿನ ಚೆಂಡು ಅಸ್ಕರನ ಕಾಲಸಂದಿಯಿಂದಲೇ ಒಳಗೆ ಉರುಳಿತು. ಮಕ್ಕಳೂ ಹಿಡಿಯಬಹುದಾದ ಚೆಂಡು. ಆಟ ಮುಗಿದದ್ದೇ ಜನ ಹಗ್ಗ ದಾಟಿ ಬಂದು ಅವನನ್ನು ಸುತ್ತುಗಟ್ಟಿದರು.

"ಇದಕ್ಕಾ ನಾವು ನಲವತ್ತು ರೂಪಾಯಿ ಕೊಟ್ಟದ್ದು?"

ಅಸ್ಕರ್ ತಪ್ಪಿಸಿಕೊಳ್ಳಲು ಸುತ್ತ ನೋಡಿದ. ಕಣ್ಣಿಗೆ ಬಿದ್ದ ಮೊಯಿದಿನಬ್ಬನತ್ತ ಬೆರಳು ತೋರಿಸಿದ.

"ಇವರಿದ್ದಾರಲ್ಲ, ಇವರು ಹಿಂದೆ ಕೂತ್ರೆ ಸೋಲೇ. ಗುಜರಿಯವರು ಬಂದು ಕೂತ್ರೆ ಟೀಮೂ ಗುಜರಿ ಆಗದೆ ಮತ್ತೇನು? ಕಾಕ, ನೀವು ಇನ್ನು ಬರ್ಬೇಡಿ."

ಜನ ಗೊಳ್ಳೆಂದು ನಕ್ಕರು. ಆ ನಗೆಯಲ್ಲಿ ಅಸ್ಕರ್ ಪಾರಾದ. ಮೊಯಿದಿನಬ್ಬನೂ ಸ್ವಲ್ಪ ನಕ್ಕು, ಲುಂಗಿಯ ಮಣ್ಣು ಕೊಡವಿಕೊಂಡ.

"ಹೌದಾ ಮೋನೆ? ಹಾಗಾದ್ರೆ ಬರುದಿಲ್ಲ. ನೀವು ಗೆದ್ರೆ ಆಯ್ತು."

ಆಮೇಲೆ ಅವನು ಮೈದಾನದೊಳಗೆ ಕಾಣಿಸಲಿಲ್ಲ. ತಂಡ ಆಗಲೂ ಸೋತಿತು. ಯಾರೂ ಹೋಗಿ ಅವನನ್ನು ಕರೆಯಲಿಲ್ಲ.

*

ಮಸೀದಿಯ ಅಂಗಳದಲ್ಲಿ ಜನಾಝ ಇಳಿಸಿದ ಮೇಲೆ ಹನೀಫ ದನಿ ತಗ್ಗಿಸಿದ. ಆಗ ಗೇಟಿನಲ್ಲಿ ಟಿಕೆಟ್ ಕೊಡುತ್ತಿದ್ದವನು ಅವನೇ.

"ನಿನಗೆ ಹೇಳಿರ್ಲಿಲ್ಲ. ನೀನು ಬೇಡ ಅಂದ ಮೇಲೂ ಅವರು ಪ್ರತಿ ಮ್ಯಾಚಿಗೆ ಬಂದು ಟಿಕೆಟ್ ತೆಗೆದು, ಗೇಟಿನಿಂದಲೇ ವಾಪಸ್ ಹೋಗ್ತಿದ್ರು. ಕ್ಲಬ್ಬಿಗೆ ನಷ್ಟ ಆಗ್ಬಾರ್ದಂತೆ. ನಾನೂ ತಗೊಂಡೆ ಮಾರಾಯ, ನಾಚಿಕೆ ಇಲ್ಲದೆ."

ಅಸ್ಕರನಿಗೆ ತಲೆ ಎತ್ತಲಾಗಲಿಲ್ಲ. ಇಹ್ಸಾನನ ಬಳಿಗೆ ಹೋಗಿ, ಎಲ್ಲರೆದುರೇ ತಪ್ಪು ಒಪ್ಪಿಕೊಂಡುಬಿಡಬೇಕು ಎಂದು ಅವನು ಎರಡು ಹೆಜ್ಜೆ ಇಟ್ಟ. ಅಷ್ಟರಲ್ಲಿ ಇಹ್ಸಾನನೇ ಮುಂದೆ ಬಂದು ನಿಂತ. ನಮಾಝಿಗೆ ಮೊದಲು, ಸತ್ತವರ ಪರವಾಗಿ ಮನೆಯವರು ಮಾಫಿ ಕೇಳುವುದು ವಾಡಿಕೆ.

"ನಮ್ಮ ಉಪ್ಪನಿಂದ ಯಾರಿಗಾದ್ರೂ ನೋವಾಗಿದ್ರೆ ಮಾಫ್ ಮಾಡಿ." ಅವನು ಅಸ್ಕರನತ್ತ ತಿರುಗಿದ. "ಹಿಲಾಲ್ ಟೀಮಿನವರ ಹತ್ರ ಬೇರೆಯೇ ಕೇಳ್ಲಿಕ್ಕೆ ಹೇಳಿದ್ದಾರೆ. ಆಟಕ್ಕೆ ಬರುದಿಲ್ಲ ಅಂತ ಉಪ್ಪ ಮಾತು ಕೊಟ್ಟಿದ್ರಂತೆ. ಮೂಡುಬಿದಿರೆಯವರ ಜೊತೆಗಿನ ಮ್ಯಾಚಿನ ದಿನ ಮನಸ್ಸು ತಡೀದೆ ಸೈಕಲ್ ನಿಲ್ಸಿ, ಮೈದಾನದ ಗೋಡೆಯ ಆಚೆಯಿಂದ ಹತ್ತು ನಿಮಿಷ ನೋಡಿದ್ರಂತೆ. ಆವಾಗ್ಲೇ ಗೋಲ್ ಆಯ್ತಂತೆ. ನನ್ನಿಂದ ಮಕ್ಕಳು ಸೋತ್ರು ಅಂತ ಕೊನೆವರೆಗೂ ಹೇಳ್ತಾ ಇದ್ರು. ಅಸ್ಕರಾಕ, ನೀವೊಂದು ಮಾತು ಹೇಳ್ಬೇಕು."

ಆ ಗೋಲು ಹೇಗಾಯಿತೆಂದು ಅಸ್ಕರನಿಗೆ ಗೊತ್ತು. ಆಗ ಅವನು ಗೋಲ್‌ಪೋಸ್ಟಿನ ಕಂಬಕ್ಕೆ ಒರಗಿ, ಪರಿಚಯದವರೊಡನೆ ಹರಟುತ್ತ ನಿಂತಿದ್ದ. ಅದನ್ನೇ ಹೇಳಲು ಬಾಯಿ ತೆರೆದ. ಜನರೆಲ್ಲ ಅವನನ್ನೇ ನೋಡುತ್ತಿದ್ದರು. ನಮಾಝ್ ಶುರು ಮಾಡಲು ಉಸ್ತಾದರು ಕಾಯುತ್ತಿದ್ದರು.

"ಮಾಫ್ ಮಾಡಿದ್ದೇನೆ," ಎಂದ ಅಸ್ಕರ್.

ಇಹ್ಸಾನನ ಮುಖ ಹಗುರಾಯಿತು. ಅವನು ಸಾಲು ದಾಟಿ ಬಂದು, ಅಸ್ಕರನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಬಗ್ಗಿ ಅದಕ್ಕೆ ಮುತ್ತಿಟ್ಟ.