ತಾಳೆಯಾಗದ ಸಹಿ

ವಿಚ್ಛೇದನದ ಆದೇಶ ಕೈಗೆ ಬಂದ ಮೂರನೆಯ ದಿನ ಟೈಲರಕ್ಕನೂ ಅವಳ ಮಾಜಿ ಗಂಡನೂ ಬ್ಯಾಂಕಿನ ಒಂದೇ ಬೆಂಚಿನ ಮೇಲೆ, ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತಿದ್ದರು. ಇಬ್ಬರ ಹೆಸರಿನಲ್ಲಿದ್ದ ಠೇವಣಿಯನ್ನು ಮುರಿದು ಅರ್ಧರ್ಧ ಹಂಚಿಕೊಳ್ಳಬೇಕೆಂದು ಒಪ್ಪಂದವಾಗಿತ್ತು. ಅವಳ ವಕೀಲಮ್ಮ ಎರಡು ತಿಂಗಳು ಎದುರಿಗೆ ಕೂರಿಸಿಕೊಂಡು ತಲೆಗೆ ತುಂಬಿದ್ದರು: "ಮನೆ ನಿನ್ನ ಗಂಡನ ಅಪ್ಪಂದು, ಅದರ ಆಸೆ ಬಿಡು. ಕೈಗೆ ದುಡ್ಡು ತಗೊಂಡು ದುಡಿಯೋಕೊಂದು ಜಾಗ ಮಾಡ್ಕೋ."

ಜಾಗವೇನೋ ಗೊತ್ತಾಗಿತ್ತು. ಹನ್ನೊಂದು ವರ್ಷದಿಂದ ಬಾಡಿಗೆ ಕೊಟ್ಟು ಹೊಲಿಯುತ್ತಿದ್ದ ಅಂಗಡಿಯನ್ನೇ ಮಾಲೀಕ ಮಾರಲು ಹೊರಟಿದ್ದ. ಇವತ್ತು ಸಂಜೆ ಐದರೊಳಗೆ ಮುಂಗಡ ಕೊಟ್ಟರೆ ಅವಳಿಗೆ, ಇಲ್ಲವಾದರೆ ಪಕ್ಕದ ಔಷಧಿ ಅಂಗಡಿಯವನಿಗೆ.

ಗಂಡ ಕೊಳವೆಬಾವಿ ಕೊರೆಯುವ ಕೆಲಸದವನು. ಬ್ಯಾಂಕಿನೊಳಗೆ ಕಾಲಿಟ್ಟಿದ್ದು ಇದೇ ಮೊದಲು. ಎಳೆಯಬೇಕಾದ ಗಾಜಿನ ಬಾಗಿಲನ್ನು ತಳ್ಳಿ ತಳ್ಳಿ, ಕಾವಲುಗಾರನ ಕೈಲಿ ಬುದ್ಧಿ ಹೇಳಿಸಿಕೊಂಡೇ ಒಳಗೆ ಬಂದಿದ್ದ ಮಹಾಶಯ.

ಕರೆ ಬಂದಾಗ ಇಬ್ಬರೂ ಎದ್ದು ಹೋಗಿ ಅಧಿಕಾರಿಣಿಯ ಮೇಜಿನೆದುರು ಕುಳಿತರು. ಅವನು ಸಹಿ ಹಾಕಿದ. ಆಕೆ ಪರದೆ ನೋಡಿದಳು, ಕಾಗದ ನೋಡಿದಳು, ಮತ್ತೆ ಪರದೆ ನೋಡಿದಳು.

"ಇದು ನಿಮ್ಮ ಸಹಿ ಅಲ್ವಲ್ಲ?"

"ನಂದೇ ಮೇಡಂ. ಕೈ ನಂದು, ಪೆನ್ನು ನಂದು... ಅಲ್ಲಲ್ಲ, ಪೆನ್ನು ನಿಮ್ಮದು."

ಆಕೆ ನಗಲಿಲ್ಲ. ಪರದೆಯನ್ನು ಅವರತ್ತ ತಿರುಗಿಸಿದಳು. ಖಾತೆ ತೆರೆದ ದಿನ ಕೊಟ್ಟ ಮಾದರಿ ಸಹಿ ಅಲ್ಲಿತ್ತು. ಗುಂಡಗಿನ ಮೊದಲಕ್ಷರ, ಕೊನೆಯಲ್ಲಿ ಕೆಳಗಿಳಿದು ಸುತ್ತಿ ಮೇಲೇರಿದ ಬಾಲ. ಟೈಲರಕ್ಕ ಥಟ್ಟನೆ ಗುರುತು ಹಿಡಿದಳು. ಆ ಬಾಲ ಅವಳದೇ.

ಅವನು ಮನೆಗೆ ಬರುತ್ತಿದ್ದುದೇ ತಿಂಗಳಿಗೊಮ್ಮೆ. ಬಂದರೂ ಕೈ ತುಂಬ ಕೆಸರು. ಯಾವ ಕಾಗದ ಹಿಡಿದರೂ ಒಂದೇ ಮಾತು: "ನಂದೂ ನೀನೇ ಗೀಚ್ಬಿಡು ಮಹಾತಾಯಿ." ಬ್ಯಾಂಕಿನ ಫಾರಂ, ಮಗಳ ಶಾಲೆಯದು, ವಿಮೆಯದು, ಎಲ್ಲಕ್ಕೂ ಅವಳೇ. ಮೊದಮೊದಲು ಅಕ್ಷರ ಸೊಟ್ಟಗಾಗುತ್ತಿತ್ತು. ಆಮೇಲೆ ತನ್ನ ಸಹಿಗಿಂತ ಅವನದೇ ಚೆಂದ ಬರುತ್ತಿತ್ತು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ.

ಅವನು ಮತ್ತೆ ಮೂರು ಸಲ ಬರೆದ. ಮೂರೂ ತಾಳೆಯಾಗಲಿಲ್ಲ. ಕೊನೆಗೆ ಅವಳತ್ತ ವಾಲಿ ಪಿಸುಗುಟ್ಟಿದ: "ಆ ಬಾಲ ಹೆಂಗೆ ಎಳೀತೀಯೇ?"

"ಸುಮ್ನಿರ್ರೀ." ರೀ ಎನ್ನುವುದು ಬಾಯಿಗೆ ಬಂದುಬಿಟ್ಟಿತ್ತು. ಅದಕ್ಕೂ ನಾಚಿಕೆಯಾಯಿತು.

ಅಧಿಕಾರಿಣಿ ಹೊಸ ಫಾರಂ ಮುಂದಿಟ್ಟಳು. "ಇವರದು ಆಮೇಲೆ ನೋಡೋಣ. ಮೊದಲು ನೀವು ಹಾಕೀಮ್ಮ."

ಗಡಿಯಾರದಲ್ಲಿ ನಾಲ್ಕೂಕಾಲು. ಟೈಲರಕ್ಕನ ತಲೆಯೆಲ್ಲ ಅಂಗಡಿಯಲ್ಲೇ ಇತ್ತು. ಕೈ ಮಾತ್ರ ಹದಿನಾರು ವರ್ಷದ ತನ್ನ ರೂಢಿಯಂತೆ ಮೇಲಿನ ಗೆರೆಗೆ ಹೋಯಿತು. ಪೆನ್ನು ಎತ್ತಿ ನೋಡಿದರೆ ಕಾಗದದ ಮೇಲೆ ಅವನ ಹೆಸರು, ಬಾಲ ಸಮೇತ.

"ಹಾಂ, ಇದು ತಾಳೆಯಾಯ್ತು," ಎಂದಳು ಅಧಿಕಾರಿಣಿ. ಆಮೇಲೆ ಪೆನ್ನು ಯಾರ ಕೈಲಿದೆ ಎಂದು ನೋಡಿದಳು.

ಮುಂದಿನ ಮೇಜಿನವನು ಮುದ್ರೆ ಒತ್ತುವುದನ್ನು ನಿಲ್ಲಿಸಿ ಇತ್ತ ತಿರುಗಿದ.

"ಇದಕ್ಕೆ ಏನಂತಾರೆ ಗೊತ್ತಾ? ಫೋರ್ಜರಿ ಅಂತಾರೆ," ಎಂದು ಅಧಿಕಾರಿಣಿ ದನಿ ತಗ್ಗಿಸಿದಳು. ನಂತರ ಅವನನ್ನು ಕೇಳಿದಳು: "ನಿಮ್ಮ ಒಪ್ಪಿಗೆ ಇತ್ತಾ?"

ಅವನು ಇಲ್ಲ ಎಂದರೆ ಪೊಲೀಸರು ಬರುತ್ತಾರೆ. ಇಷ್ಟು ವರ್ಷ ಅವನನ್ನು ಯಾರೇ ಏನೇ ಕೇಳಿದರೂ ಉತ್ತರ ಕೊಟ್ಟವಳು ಟೈಲರಕ್ಕ. ಈಗಲೂ ಮಾತು ನಾಲಗೆ ತುದಿಗೆ ಬಂತು, ನುಂಗಿಕೊಂಡಳು.

"ಇತ್ತು ಮೇಡಂ," ಎಂದ ಅವನು. "ಎಲ್ಲದಕ್ಕೂ ನಾನೇ ಹೇಳಿದ್ದು."

ಹೋದ ಜೀವ ಬಂದಂತಾಯಿತು. ಆದರೆ ಅಧಿಕಾರಿಣಿ ಕಡತ ಮುಚ್ಚಿದಳು. "ಇಬ್ರೂ ಅದನ್ನೇ ಬರೆದುಕೊಡಿ. ಮುಖ್ಯ ಕಚೇರಿಗೆ ಹೋಗ್ಬೇಕು. ಮೂರು ವಾರ ಆಗುತ್ತೆ, ಅಲ್ಲೀವರೆಗೆ ಠೇವಣಿ ಮುಟ್ಟೋ ಹಾಗಿಲ್ಲ."

"ಮೂರು ವಾರಾನಾ? ನನಗೆ ಐದು ಗಂಟೆಗೆ ಬೇಕು ಮೇಡಂ!"

"ನಾನೇನು ಮಾಡ್ಲಿ ಹೇಳಿ."

ಟೈಲರಕ್ಕ ಅಲ್ಲಿಂದಲೇ ಅಂಗಡಿ ಮಾಲೀಕನಿಗೆ ಫೋನು ಮಾಡಿದಳು. "ಮೂರು ವಾರ ಯಾರಮ್ಮ ಕಾಯ್ತಾರೆ? ಔಷಧಿಯವನು ದುಡ್ಡು ಹಿಡ್ಕೊಂಡು ಇಲ್ಲೇ ಕೂತಿದ್ದಾನೆ. ಬೇಜಾರು ಮಾಡ್ಕೋಬೇಡ," ಎಂದು ಅವನು ಇಟ್ಟುಬಿಟ್ಟ. ಹನ್ನೊಂದು ವರ್ಷದ ಅಂಗಡಿ ಅರ್ಧ ನಿಮಿಷದಲ್ಲಿ ಹೋಯಿತು. ಅವಳಿಗೆ ಅಳು ಕೂಡ ಬರಲಿಲ್ಲ. ತನ್ನ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡುತ್ತ ಕುಳಿತಳು.

"ಹೋಯ್ತಾ?" ಎಂದ ಅವನು. ಅವಳು ತಲೆಯಾಡಿಸಿದಳು.

ಅಧಿಕಾರಿಣಿಗೂ ಕನಿಕರವಾಗಿರಬೇಕು, ದನಿ ಮೆತ್ತಗಾಗಿತ್ತು. "ಇವರ ನಿಜವಾದ ಸಹಿಗೆ ಒಂದು ಸಾಕ್ಷಿ ಬೇಕು. ಇವರೇ ಖುದ್ದಾಗಿ ಸಹಿ ಹಾಕಿರೋ ಕಾಗದ ಯಾವುದಾದ್ರೂ ಇದೆಯಾ?"

ಅವನು ತಲೆ ಕೆರೆದುಕೊಂಡ, ಸೂರು ನೋಡಿದ. ಒಂದೂ ನೆನಪಾಗಲಿಲ್ಲ. ಟೈಲರಕ್ಕ ಚೀಲದಿಂದ ಒಪ್ಪಂದಪತ್ರ ತೆಗೆದು, ನ್ಯಾಯಾಧೀಶರ ಮುಂದೆ ಅವನು ಸಹಿ ಹಾಕಿದ್ದ ಕೊನೆಯ ಪುಟವನ್ನು ಮೇಜಿನ ಮೇಲಿಟ್ಟಳು.

"ಮದುವೆ ಆದ್ಮೇಲೆ ಇವರು ಸ್ವಂತ ಕೈಯಿಂದ ಸಹಿ ಹಾಕಿದ್ದು ಇದೊಂದಕ್ಕೇ ಮೇಡಂ," ಎಂದಳು.

ಅವನು ಆ ಪುಟವನ್ನು ಹೊಸದಾಗಿ ನೋಡುವವನಂತೆ ನೋಡಿದ, ತಲೆ ತಗ್ಗಿಸಿದ. ಅಧಿಕಾರಿಣಿ ಅದರ ನಕಲು ತೆಗೆಸಲು ಎದ್ದು ಹೋದಳು.